ಟೂಸಾನ್‌ನಿಂದ ಚಳ್ಳಕೆರೆಗೆ

ಅಪ್ಪಾಜಿ, ಅಮ್ಮ, ಇಬ್ಬರಿಗೂ ನಮಸ್ಕಾರ. ನಾನಿಲ್ಲಿ ಆರಾಮಾಗಿದ್ದೇನೆ. ಬಿಸಿಲು ಮಾತ್ರ ನಮ್ಮೂರಿಗಿಂತ ಜಾಸ್ತಿ.

ಶಿವಮೊಗ್ಗದಲ್ಲಿ 3.2 ಕಿಲೋಮೀಟರ್ ರನ್‌ವೇ ಹಾಕಿದ್ದಾರೆ, ನಮ್ಮಂಥ ಊರಿಗೆ ಚಿಕ್ಕದು ಸಾಲದಾ ಅಂತ ಕೇಳಿದ್ರಲ್ಲ ಅಪ್ಪಾಜಿ. ಫೋನಿನಲ್ಲಿ ಸರಿಯಾಗಿ ಹೇಳೋಕಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿನ ಪಿಮಾ ಮ್ಯೂಸಿಯಂನಲ್ಲಿ ಬೋಯಿಂಗ್‌ನವರ ವೈಸಿ-14 ಅನ್ನೋ ಸರಕು ವಿಮಾನ ಇದೆ. 1976ರಲ್ಲಿ ಮೊದಲು ಹಾರಿದ್ದು. 2,000 ಅಡಿ ಒರಟು ನೆಲದಲ್ಲೇ 12 ಟನ್ ಸರಕು ಹೊತ್ತು ಇಳಿದು ಏಳಬೇಕು ಅನ್ನೋದು ಅಮೆರಿಕದ ವಾಯುಸೇನೆಯ ಬೇಡಿಕೆ. ಅದರ ಎರಡು ಎಂಜಿನ್‌ಗಳು ರೆಕ್ಕೆಯ ಕೆಳಗಿಲ್ಲ, ಮೇಲಿವೆ. ಹೊರಬರುವ ಗಾಳಿ ರೆಕ್ಕೆಯ ಬೆನ್ನ ಮೇಲೆ ಹರಿಯುತ್ತದೆ. ರೆಕ್ಕೆಯ ಹಿಂದಿನ ಅಂಚಿನ ಫ್ಲಾಪ್, ಅಂದರೆ ಬಾಗುವ ಹಲಗೆ, ಬಗ್ಗಿಸಿದರೆ ಗಾಳಿಯೂ ಅದಕ್ಕೆ ಅಂಟಿಕೊಂಡೇ ಕೆಳಕ್ಕೆ ತಿರುಗುತ್ತದೆ. ಅಮ್ಮ ಚೊಂಬಿನಿಂದ ನಿಧಾನ ಹಾಲು ಸುರಿಯುವಾಗ ಅಂಚು ಹಿಡಿದು ಇಳಿಯುತ್ತಲ್ವಾ, ಹಾಗೆ. ಗಾಳಿಯನ್ನು ಕೆಳಕ್ಕೆ ತಳ್ಳಿದಷ್ಟೂ ವಿಮಾನ ಮೇಲೇಳುತ್ತದೆ, ಅದೂ ಕಡಿಮೆ ವೇಗದಲ್ಲೇ. ನೆಲದ ಕಲ್ಲು ಎಂಜಿನ್ ಬಾಯಿಗೆ ಹೋಗುವುದೂ ಕಡಿಮೆ.

ನಾನು ಬಹಳ ಹೊತ್ತು ನೋಡಿದ್ದು ಎಂಜಿನ್‌ಗಳ ಜಾಗವನ್ನು. ಎರಡೂ ವಿಮಾನದ ಮೈಗೆ ಒತ್ತಿಕೊಂಡಂತಿವೆ. ಒಂದು ಕೆಟ್ಟರೆ ಆ ಬದಿಯ ರೆಕ್ಕೆಯ ಎತ್ತುವ ಬಲವೂ ಕುಸಿಯುತ್ತದೆ. ಎಂಜಿನ್ ದೂರ ಇದ್ದಷ್ಟೂ ವಿಮಾನ ಆ ಕಡೆಗೆ ವಾಲುವುದು ಜೋರು. ಎಷ್ಟು ಯೋಚನೆ ಮಾಡಿ ಇಟ್ಟಿದ್ದಾರೆ!

ಕಷ್ಟ ಇರೋದು ಇಂಧನದಲ್ಲಿ. ಬೇಗ ಏಳಲು ಬೇಕಾದ ದೊಡ್ಡ ಎಂಜಿನ್, ಮೇಲೆ ಹೋದ ಮೇಲೆ ಸುಮ್ನೆ ಹೊರೆ. ರಭಸದ ಗಾಳಿ ದಾರಿಯುದ್ದಕ್ಕೂ ರೆಕ್ಕೆಯನ್ನು ಉಜ್ಜುತ್ತಿದ್ದರೆ ವಿಮಾನವನ್ನು ಹಿಂದಕ್ಕೆಳೆಯುವ ಬಲವೂ ಜಾಸ್ತಿ. ಇದರ ಪೈಪೋಟಿಗಿದ್ದ ವೈಸಿ-15ರಲ್ಲಿ ಎಂಜಿನ್ ರೆಕ್ಕೆಯ ಕೆಳಗಿದ್ದು, ಗಾಳಿ ಫ್ಲಾಪಿಗೆ ಬಡಿಯುತ್ತಿತ್ತು. ನಮ್ಮ ವಾಯುಸೇನೆಯ ಸರಕು ವಿಮಾನ ಸಿ-17 ಅದೇ ದಾರಿಯದು.

ಅದಕ್ಕೇ ರೆಕ್ಕೆ ಒಬ್ಬರು, ಎಂಜಿನ್ ಇನ್ನೊಬ್ಬರು ಮಾಡಿ ಆಮೇಲೆ ಜೋಡಿಸಿದರೆ ಆಗಲ್ಲ ಅಂತ ನನ್ನ ಗಟ್ಟಿ ನಂಬಿಕೆ. ಮೊದಲ ಗೆರೆಯಿಂದಲೇ ಎರಡನ್ನೂ ಒಟ್ಟಿಗೆ ಬರೆಯಬೇಕು. ಎಲೆಕ್ಟ್ರಾ ಅನ್ನೋ ಕಂಪನಿಯ ಎರಡು ಸೀಟಿನ ವಿಮಾನ ಹಾಗೆ ಹುಟ್ಟಿದ್ದು. ರೆಕ್ಕೆಯುದ್ದಕ್ಕೂ ಎಂಟು ಪುಟ್ಟ ಪ್ರೊಪೆಲ್ಲರ್. ಏಳುವಾಗಿನ ಹೆಚ್ಚಿನ ಬಲ ಬ್ಯಾಟರಿಯದು, ಹಾಗಾಗಿ ಎಂಜಿನ್ ಸಣ್ಣದಿದ್ದರೆ ಸಾಕು. 2023ರಲ್ಲಿ ಹಾರಿತು. ನನ್ನ ಓದೂ ಈಗ ಇದರ ಮೇಲೇ.

ಹಾಗಾಗಿ ಅಪ್ಪಾಜಿ, ಶಿವಮೊಗ್ಗದಲ್ಲಿ ದೊಡ್ಡ ಜೆಟ್‌ಗಳು ಇಳಿಯಬೇಕಾದರೆ ಚಿಕ್ಕ ರನ್‌ವೇ ಸಾಲದು. ಹತ್ತಿಪ್ಪತ್ತು ಜನರ ಇಂಥ ವಿಮಾನ ಬಂದರೆ ನೀವು ಹೇಳಿದ್ದು ಸರಿ. ನಮ್ಮ ಬೇಸಿಗೆಯ ಬಿಸಿ ಗಾಳಿ ತೆಳು, ಅದಕ್ಕೆ ಒಂದಿಷ್ಟು ಜಾಸ್ತಿ ಉದ್ದ ಬಿಡಬೇಕು, ಅಷ್ಟೇ.

ಅಮ್ಮನ ಮಂಡಿನೋವು ಹೇಗಿದೆ? ಶೇಂಗಾ ರೇಟು ಏನಾಯ್ತು, ಬರೆಯಿರಿ.

ನಿಮ್ಮ ಮಗಳು