ನುವರ ಎಲಿಯಕ್ಕೆ ಒಂದೇ ದಿನದಲ್ಲಿ ಹೋಗಿಬರುವವಳಿಗೆ

ಚಿ. ಪುಟ್ಟಿಗೆ,

ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಶ್ರೀಲಂಕಾದ ಕ್ಯಾಂಡಿಯಲ್ಲಿ ಮೂರು ರಾತ್ರಿ ಉಳಿದು, ಅದರಲ್ಲಿ ಒಂದು ದಿನ ಗೈಡ್ ಸಮೇತ ಗಾಡಿ ಮಾಡಿಕೊಂಡು ಬೆಟ್ಟದೂರು ನುವರ ಎಲಿಯ ನೋಡಿ ಬರುತ್ತೇವೆ ಅಂತ ಬರೆದಿದ್ದೀಯ. ಜೊತೆಗೆ ಅಪ್ಪ, ಅಮ್ಮ, ಆರು ವರ್ಷದ ಮಗು. ಆಗುವ ಕೆಲಸವೇ. ಆದರೆ ನೀನು ಕಳಿಸಿದ ಪಟ್ಟಿಯಲ್ಲಿ ಹನ್ನೊಂದು ಜಾಗಗಳಿವೆ. ಅದು ಎರಡು ದಿನದ ಪಟ್ಟಿ ಕಣಮ್ಮ. ಐದಕ್ಕೆ ಇಳಿಸು. ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ ಕಳೆದರೆ ಕೈಯಲ್ಲಿ ಉಳಿಯುವುದು ಆರೇ ಗಂಟೆ, ಅದರಲ್ಲೂ ಮಂಜು ಮುಸುಕದೆ ಸಿಗುವುದು ಅರ್ಧ.

ಮೊದಲು ಹಾರ್ಟನ್ ಪ್ಲೇನ್ಸ್ ಎಂಬ ಎತ್ತರದ ಬಯಲನ್ನು ಪಟ್ಟಿಯಿಂದ ಹೊಡೆದುಹಾಕು. ಅಲ್ಲಿನ ವರ್ಲ್ಡ್ಸ್ ಎಂಡ್ ಪ್ರಪಾತ ಕಾಣಬೇಕಾದರೆ ಬೆಳಗ್ಗೆ ಒಂಬತ್ತರೊಳಗೆ ಅದರ ಅಂಚಿನಲ್ಲಿರಬೇಕು. ಆಮೇಲೆ ಕೆಳಗಿನಿಂದ ಮೋಡ ಎದ್ದು ಎಲ್ಲವೂ ಬಿಳಿ ಗೋಡೆಯಾಗುತ್ತದೆ. ಸುತ್ತು ದಾರಿ ಒಂಬತ್ತು ಕಿಲೋಮೀಟರಿಗೂ ಮೇಲೆ, ನಿಮ್ಮಪ್ಪನ ಮೊಣಕಾಲಿಗೆ ಆಗದು. ಕ್ಯಾಂಡಿಯಿಂದ ಒಂದೇ ದಿನದಲ್ಲಿ ಅದನ್ನೂ ಮಾಡಿಸುತ್ತೇನೆ ಅನ್ನುವ ಗೈಡ್ ನಿಮ್ಮನ್ನು ರಾತ್ರಿ ಎರಡು ಗಂಟೆಗೆ ಎಬ್ಬಿಸುತ್ತಾನೆ, ಸಂಜೆ ನಿದ್ದೆಗಣ್ಣಲ್ಲಿ ಘಾಟಿ ಇಳಿಸುತ್ತಾನೆ. ರೈಲಿನ ಆಸೆಯನ್ನೂ ಈ ಸಲಕ್ಕೆ ಬಿಡು. ಕ್ಯಾಂಡಿಯಿಂದ ನಾನುಓಯ ಎಂಬ ನಿಲ್ದಾಣಕ್ಕೆ ರೈಲು ನಾಲ್ಕು ಗಂಟೆಯ ಹತ್ತಿರ ತೆಗೆದುಕೊಳ್ಳುತ್ತದೆ, ಅಲ್ಲಿಂದ ಊರಿಗೆ ಮತ್ತೆ ಗಾಡಿ. ಚೆಂದದ ದಾರಿ, ಅನುಮಾನವಿಲ್ಲ, ಆದರೆ ಇಡೀ ಬೆಳಗ್ಗೆಯನ್ನು ನುಂಗಿಬಿಡುತ್ತದೆ.

ಇನ್ನು ಗೈಡ್ ವಿಚಾರ. ಶ್ರೀಲಂಕಾದಲ್ಲಿ ಪ್ರವಾಸೋದ್ಯಮ ಪ್ರಾಧಿಕಾರ ಗೈಡ್‌ಗಳಿಗೆ ಲೈಸೆನ್ಸ್ ಕೊಡುತ್ತದೆ. ಅದರಲ್ಲಿ ಬೇರೆ ಬೇರೆ ದರ್ಜೆ: ನ್ಯಾಷನಲ್ ಗೈಡ್, ಷೋಫರ್ ಗೈಡ್, ಏರಿಯಾ ಗೈಡ್, ಸೈಟ್ ಗೈಡ್. ನಿಮಗೆ ಬೇಕಾದವನು ಷೋಫರ್ ಗೈಡ್, ಅಂದರೆ ಗಾಡಿಯನ್ನೂ ಓಡಿಸಿ ಜಾಗವನ್ನೂ ತೋರಿಸುವವನು. ಬರೀ ಡ್ರೈವರ್ ಆದವನು ಇಂಗ್ಲಿಷ್ ಚೆನ್ನಾಗಿ ಮಾತಾಡಿದ ಮಾತ್ರಕ್ಕೆ ಗೈಡ್ ಆಗುವುದಿಲ್ಲ. ಲೈಸೆನ್ಸ್ ಕಾರ್ಡಿನ ಫೋಟೋವನ್ನು ಮೊದಲೇ ವಾಟ್ಸಾಪ್‌ನಲ್ಲಿ ಕಳಿಸು ಅಂತ ಕೇಳು. ಸಂಕೋಚ ಬೇಡ, ಇರುವವರು ಖುಷಿಯಿಂದ ಕಳಿಸುತ್ತಾರೆ. ಹಿಂದಿನ ದಿನ ಅವನು ಎಲ್ಲಿ ಗಾಡಿ ಓಡಿಸಿದ, ರಾತ್ರಿ ಎಲ್ಲಿ ಮಲಗುತ್ತಾನೆ ಅನ್ನುವುದನ್ನೂ ಕೇಳು. ನಡುರಾತ್ರಿ ಕೊಲಂಬೊ ಬಿಟ್ಟು ಬೆಳಗ್ಗೆ ಆರಕ್ಕೆ ನಿಮ್ಮ ಬಾಗಿಲಿಗೆ ಬರುವವನು ನಿಮಗೆ ಬೇಡ.

ಗಾಡಿ ಕಾರು ಬೇಡ, ವ್ಯಾನ್ ಹೇಳು. ಅಲ್ಲಿಯವರು ಕೆಡಿಎಚ್ ಅಂತಾರೆ, ಟೊಯೊಟಾದ ಆ ಉದ್ದನೆಯ ವ್ಯಾನ್. ಕೊನೆಯ ಸಾಲಲ್ಲಿ ಯಾರನ್ನೂ ಕೂರಿಸಬೇಡ. ಹಿಂದಿನ ಗಾಲಿಯ ಮೇಲೆ ಕೂತವರಿಗೆ ಪ್ರತಿ ತಿರುವಿನಲ್ಲೂ ಹೊಟ್ಟೆ ತೊಳಸುತ್ತದೆ. ಹೊರಡುವ ಮೊದಲು ಎರಡು ನಿಮಿಷ ಗಾಡಿ ಸುತ್ತಿ ನೋಡು: ಟೈರಿನ ಗೆರೆ ಸವೆದು ನುಣ್ಣಗಾಗಿದೆಯೇ, ವೈಪರ್ ನೀರು ಒರೆಸುತ್ತದೆಯೇ, ಮಂಜಿನ ದೀಪ ಹತ್ತುತ್ತದೆಯೇ, ಹಿಂದಿನ ಸೀಟಿನಲ್ಲಿ ಬೆಲ್ಟ್ ಇದೆಯೇ. ಬೆಲ್ಟನ್ನು ಸೀಟಿನ ಸಂದಿಗೆ ತುರುಕಿ ಮೇಲೆ ಕವರ್ ಹಾಕಿರುತ್ತಾರೆ. ತೆಗೆಸು.

ದುಡ್ಡಿನ ಮಾತನ್ನು ಬರವಣಿಗೆಯಲ್ಲಿ ಇಟ್ಟುಕೋ. ಬಾಡಿಗೆ ಇಡೀ ಗಾಡಿಗೋ, ತಲೆಗೋ? ಡೀಸೆಲ್, ಪಾರ್ಕಿಂಗ್, ಗೈಡಿನ ಊಟ ಸೇರಿದೆಯೇ? ಟಿಕೆಟ್ಟುಗಳು ಸೇರಿವೆಯೇ? ಇವುಗಳಿಗಿಂತ ಕಾಡುವುದು ಕಿಲೋಮೀಟರಿನ ಮಿತಿ. ದಿನಕ್ಕೆ 100 ಕಿಲೋಮೀಟರ್, ಮೇಲಿನದಕ್ಕೆ ಬೇರೆ ದರ ಅಂತ ಒಂದು ಸಾಲು ಸಣ್ಣಕ್ಷರದಲ್ಲಿ ಇರುತ್ತದೆ. ಕ್ಯಾಂಡಿಯಿಂದ ನುವರ ಎಲಿಯಕ್ಕೆ 75-80 ಕಿಲೋಮೀಟರ್. ಹೋಗಿಬಂದು, ಊರಾಚೆಯ ಹಕ್ಗಲ ಸಸ್ಯೋದ್ಯಾನವನ್ನೂ ಸೇರಿಸಿದರೆ 170-180 ಆಗುತ್ತದೆ. ಮಿತಿ ಮೀರಿದ ಆ ಎಪ್ಪತ್ತು-ಎಂಬತ್ತರ ಲೆಕ್ಕ ಸಂಜೆ ನಿಮ್ಮ ತಲೆಗೆ ಬರುತ್ತದೆ. ಒಟ್ಟು ಮೊತ್ತ ಇಷ್ಟೇ ಅಂತ ಗೊತ್ತು ಮಾಡಿಕೊಂಡು, ಅರ್ಧ ಮುಂಗಡ, ಅರ್ಧ ಇಳಿದ ಮೇಲೆ ಕೊಡು. 2024ರಿಂದ ನಮ್ಮ ಯುಪಿಐ ಅಲ್ಲಿನ ಲಂಕಾ ಕ್ಯೂಆರ್ ಜೊತೆ ಸೇರಿದೆ ನಿಜ, ಆದರೆ ಘಾಟಿಯ ಪೆಟ್ಟಿಗೆ ಅಂಗಡಿಯಲ್ಲಿ ಅದನ್ನು ನಂಬಬೇಡ. ಶ್ರೀಲಂಕಾ ರೂಪಾಯಿಯ ಸಣ್ಣ ನೋಟುಗಳು ಕೈಯಲ್ಲಿರಲಿ.

ಕಮಿಷನ್ ಬಗ್ಗೆಯೂ ಹೇಳಿಬಿಡುತ್ತೇನೆ. ಮಸಾಲೆ ತೋಟ, ಹರಳಿನ ಅಂಗಡಿ, ಬಟ್ಟೆ ಅಂಗಡಿ, ಇವು ನಿನ್ನ ಪಟ್ಟಿಯಲ್ಲಿ ಇಲ್ಲದಿದ್ದರೂ ದಾರಿಯಲ್ಲಿ ತಾವಾಗಿ ಬರುತ್ತವೆ. ನೀವು ಕೊಂಡದ್ದರಲ್ಲಿ ಕರೆತಂದವನಿಗೆ ಪಾಲಿರುತ್ತದೆ. ಅದು ಅವನ ಹೊಟ್ಟೆಪಾಡು, ಬೈಯಬೇಕಿಲ್ಲ. ಹಿಂದಿನ ರಾತ್ರಿಯೇ, "ಅಂಗಡಿ ಒಂದೂ ಬೇಡ, ಚಹಾ ಕಾರ್ಖಾನೆ ಒಂದು ಸಾಕು, ನಿಮ್ಮ ಇನಾಮು ನಾವು ಬೇರೆ ಕೊಡುತ್ತೇವೆ" ಅಂತ ಮೆಸೇಜು ಹಾಕು. ಈ ಒಂದು ಮಾತಿಗೆ ದಿನದ ಒಂದು ಗಂಟೆ ಉಳಿಯುತ್ತದೆ.

ದಿನ ಗೊತ್ತುಮಾಡುವಾಗ ಕ್ಯಾಲೆಂಡರ್ ನೋಡು. ಏಪ್ರಿಲ್ ಬೇಡವೇ ಬೇಡ. 13-14ರ ಹೊಸವರ್ಷದ ಆಸುಪಾಸಿನಲ್ಲಿ ಇಡೀ ದೇಶವೇ ಆ ಊರಿಗೆ ಹತ್ತಿಬರುತ್ತದೆ, ಕೆರೆಯ ಸುತ್ತ ಗಾಡಿ ಅಲ್ಲಾಡುವುದಿಲ್ಲ. ಹುಣ್ಣಿಮೆಯ ದಿನ ಅಲ್ಲಿ ಪೋಯ, ಸರ್ಕಾರಿ ರಜೆ, ಅಂದೂ ಜನ ಜಾಸ್ತಿ. ಭಾನುವಾರ ಸಾಮಾನ್ಯವಾಗಿ ಚಹಾ ಎಲೆ ಕೊಯ್ಯುವುದಿಲ್ಲ, ಹಾಗಾಗಿ ಸೋಮವಾರ ಬೆಳಗ್ಗೆ ಕಾರ್ಖಾನೆಯಲ್ಲಿ ಯಂತ್ರ ನಿಂತಿರುವುದುಂಟು. ಮಂಗಳವಾರದಿಂದ ಶುಕ್ರವಾರದೊಳಗೆ ಒಂದು ದಿನ ಹಿಡಿ. ಹೋಗುವ ಮುನ್ನಾದಿನ ಭೂಕುಸಿತದ ಎಚ್ಚರಿಕೆ ನೋಡು. ಅಲ್ಲಿನ ರಾಷ್ಟ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಹಳದಿ, ಕಿತ್ತಳೆ, ಕೆಂಪು ಅಂತ ಮೂರು ಹಂತದಲ್ಲಿ ಕೊಡುತ್ತದೆ. ನುವರ ಎಲಿಯ ಜಿಲ್ಲೆಗೆ ಕಿತ್ತಳೆ ಬಿದ್ದಿದ್ದರೆ ಗೈಡ್ "ಪರವಾಗಿಲ್ಲ" ಅಂದರೂ ಹೊರಡಬೇಡ. ಅಂಥ ದಿನ ಮುಂಗಡ ವಾಪಸ್ಸೋ, ಬೇರೆ ದಿನವೋ ಅನ್ನುವುದನ್ನು ಬುಕ್ ಮಾಡುವಾಗಲೇ ಕೇಳಿಟ್ಟುಕೋ.

ಬೆಳಗ್ಗೆ ಆರಕ್ಕೆ ಗಾಲಿ ಉರುಳಬೇಕು. ಹೊಟ್ಟೆ ತುಂಬ ತಿಂದು ಹೊರಡಬೇಡಿ, ಬರಿಹೊಟ್ಟೆಯೂ ಬೇಡ. ಬಾಳೆಹಣ್ಣು, ಬ್ರೆಡ್ಡು ಸಾಕು. ವಾಂತಿಯ ಮಾತ್ರೆ ಕೊಡುವುದಾದರೆ ಹೊರಡುವ ಅರ್ಧ ಗಂಟೆ ಮೊದಲು ಕೊಡಬೇಕು. ತಿರುವು ಶುರುವಾಗಿ ಬಾಯಲ್ಲಿ ನೀರೂರಿದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಮಗುವಿಗೆ ಎಷ್ಟು ಕೊಡಬೇಕು, ಅಪ್ಪನ ಬಿಪಿ ಮಾತ್ರೆಯ ಜೊತೆ ಆಗುತ್ತದೆಯೇ ಅಂತ ನಿಮ್ಮ ಡಾಕ್ಟರನ್ನು ಇಲ್ಲೇ ಕೇಳಿಕೊಂಡು ಹೋಗು. ದಾರಿಯಲ್ಲಿ ಗಂಪೊಲ ಊರು ದಾಟಿದ ಮೇಲೆ ಮಗುವಿನ ಕೈಯಿಂದ ಮೊಬೈಲ್ ಕಿತ್ತುಕೊಳ್ಳಬೇಕು, ಅತ್ತರೂ ಸರಿ. ದೂರದ ಗುಡ್ಡ ನೋಡುತ್ತಿದ್ದರೆ ಕಿವಿಯೂ ಕಣ್ಣೂ ಒಂದೇ ಮಾತು ಹೇಳುತ್ತವೆ. ಪರದೆ ನೋಡುತ್ತಿದ್ದರೆ ಕಣ್ಣು ನಿಂತಿದ್ದೇವೆ ಅನ್ನುತ್ತದೆ, ಕಿವಿ ತಿರುಗುತ್ತಿದ್ದೇವೆ ಅನ್ನುತ್ತದೆ, ಆ ಜಗಳವೇ ವಾಂತಿ. ಡ್ರೈವರ್ ಜೋರಾಗಿ ಹೊಡೆದರೆ "ಹೆಮಿನ್ ಯನ್ನ" ಅನ್ನು. ಸಿಂಹಳದಲ್ಲಿ ನಿಧಾನ ಹೋಗಿ ಅಂತ. ಚಹಾ ತೋಟದ ಸೀಮೆಯಲ್ಲಿ ಹೆಚ್ಚಿನವರಿಗೆ ತಮಿಳು ಬರುತ್ತದೆ, ಅಮ್ಮನ ಅರೆಬರೆ ತಮಿಳೇ ಅಲ್ಲಿ ದೊಡ್ಡ ಆಸ್ತಿ.

ಪುಸ್ಸೆಲ್ಲಾವ ದಾಟಿ ಎಂಟರ ಹೊತ್ತಿಗೆ ರಾಂಬೊಡ. 109 ಮೀಟರಿನ ಜಲಪಾತ ರಸ್ತೆಯಿಂದಲೇ ಕಾಣುತ್ತದೆ. ಬುಡಕ್ಕೆ ಇಳಿಯುವ ಮೆಟ್ಟಿಲು ಅಪ್ಪ-ಅಮ್ಮನಿಗೆ ಬೇಡ. ಅಲ್ಲಿಂದ ಮೇಲೆ ಸುಮಾರು 900 ಮೀಟರ್ ಏರು, ಹಿಮ್ಮುರಿ ತಿರುವುಗಳ ಸಾಲು. ಈ ತಿರುವುಗಳಲ್ಲಿ ಹೂವು ಹಿಡಿದ ಹುಡುಗ ಕಾಣಿಸುತ್ತಾನೆ. ನಿಲ್ಲಿಸದೆ ಮುಂದೆ ಹೋದರೆ ಒಳದಾರಿಯಲ್ಲಿ ಓಡಿ, ಮುಂದಿನ ತಿರುವಿನಲ್ಲಿ ಅವನೇ ನಿಂತಿರುತ್ತಾನೆ, ಅದೇ ಹೂವು, ಇನ್ನಷ್ಟು ಏದುಸಿರು. ಕನಿಕರ ಬಂದೇ ಬರುತ್ತದೆ. ಆದರೆ ಗಾಡಿ ಬರುವ ತಿರುವಿನಲ್ಲಿ ಮಗು ಓಡುವಂತೆ ಮಾಡುವುದು ಆ ದುಡ್ಡೇ. ಕೊಳ್ಳಬೇಡ.

ಚಹಾ ಕಾರ್ಖಾನೆಯನ್ನು ಹೋಗುವಾಗಲೇ ನೋಡಿ, ಲಬುಕೆಲಿಯಲ್ಲಾದರೆ ದಾರಿಗೇ ಸಿಗುತ್ತದೆ. ಹಿಂದಿನ ದಿನ ಕೊಯ್ದ ಎಲೆ ರಾತ್ರಿಯೆಲ್ಲ ಬಾಡಿ, ಬೆಳಗ್ಗೆ ಉರುಳುಯಂತ್ರಕ್ಕೆ ಬೀಳುತ್ತದೆ, ಮಧ್ಯಾಹ್ನ ಹೋದರೆ ಗುಡಿಸಿದ ನೆಲ ನೋಡಿ ಬರಬೇಕಾದೀತು. ಉದ್ದನೆಯ ತಂತಿಬಲೆಯ ತೊಟ್ಟಿಗಳಲ್ಲಿ ಎಲೆ ಹರವಿ ಕೆಳಗಿನಿಂದ ಗಾಳಿ ಬಿಟ್ಟಿರುತ್ತಾರೆ. ಕೇಳಿ ಒಂದು ಹಿಡಿ ತೆಗೆದುಕೊಂಡು ಮುಷ್ಟಿ ಕಟ್ಟಿ ಬಿಡು: ಸರಿಯಾಗಿ ಬಾಡಿದ್ದು ಒದ್ದೆ ಬಟ್ಟೆಯ ಹಾಗೆ ಮುದ್ದೆಯಾಗಿಯೇ ಉಳಿಯುತ್ತದೆ, ಬಾಡದ್ದು ಚಿಮ್ಮಿ ಬಿಚ್ಚಿಕೊಳ್ಳುತ್ತದೆ. ಉರುಳುಯಂತ್ರದಲ್ಲಿ ಜಜ್ಜಿ ರಸ ಒಡೆದ ಮೇಲೆ ಹಸಿರು ನಿಮ್ಮ ಕಣ್ಣೆದುರೇ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಹೆಚ್ಚು ಕಡಿಮೆ ಐದು ಕಿಲೋ ಹಸಿ ಎಲೆಗೆ ಒಂದು ಕಿಲೋ ಚಹಾ. ಈ ದ್ವೀಪದಲ್ಲಿ ಜೇಮ್ಸ್ ಟೇಲರ್ 1867ರಲ್ಲಿ ಚಹಾ ತೋಟ ಶುರುಮಾಡಿದ. ಅದಕ್ಕೂ ಮುಂಚೆ ಇಲ್ಲೆಲ್ಲ ಕಾಫಿಯಿತ್ತು, ಎಲೆ ತುಕ್ಕು ರೋಗ ಬಂದು ಹೋಯಿತು. ಹೊರಗೆ ಎಲೆ ಕೀಳುವ ಹೆಂಗಸರ ಫೋಟೋ ತೆಗೆಯುವ ಮುಂಚೆ ಕೇಳು. ಅವರ ಕೂಲಿ ಬುಟ್ಟಿಯ ತೂಕದ ಮೇಲಿದೆ, ನಿಲ್ಲಿಸಿದರೆ ಅವರಿಗೆ ನಷ್ಟ.

ಆಮೇಲೆ ಊರಿನೊಳಗೆ ನಿಲ್ಲದೆ ನೇರ ದಾಟಿ ಹೋಗಿ. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಪೋಸ್ಟಾಫೀಸು, ಕೆರೆ ಇವು ಮಂಜಿನಲ್ಲೂ ಕಾಣುತ್ತವೆ. ಹಕ್ಗಲದ ತೋಟದ ಆಚೆಗಿನ ನೋಟ ಮಂಜು ಬಿದ್ದರೆ ಹೋಯಿತು. ಬೆಳಗ್ಗೆ ಬಿಸಿಲಿಗೆ ಕಾದ ಕಣಿವೆಯ ಗಾಳಿ ಮೇಲೇರಿ ತಣಿದು ಮಧ್ಯಾಹ್ನಕ್ಕೆ ಮೋಡವಾಗುವುದು ಇಂಥ ಬೆಟ್ಟದೂರಿನ ದಿನಚರಿ. ವೆಲಿಮಡ ರಸ್ತೆಯಲ್ಲಿ ಮೊದಲು ಸೀತಾ ಎಲಿಯದ ಸೀತಮ್ಮನ ಗುಡಿ. ಪಕ್ಕದ ಹೊಳೆಯ ಬಂಡೆಯ ಮೇಲಿನ ಗುಳಿಗಳನ್ನು ಹನುಮಂತನ ಹೆಜ್ಜೆ ಅಂತಾರೆ. ಆ ಬಂಡೆ ಜಾರುತ್ತದೆ, ಅಮ್ಮ ಭಕ್ತಿಯಲ್ಲಿ ಇಳಿಯದಂತೆ ಕೈ ಹಿಡಿದುಕೋ. ಅಲ್ಲಿಂದ ಮುಂದೆ ಹಕ್ಗಲ ಸಸ್ಯೋದ್ಯಾನ. ಗೈಡ್ ಅದನ್ನು ಅಶೋಕವನ ಅನ್ನುತ್ತಾನೆ; 1861ರಲ್ಲಿ ಮಲೇರಿಯಾ ಔಷಧಿಗಾಗಿ ಸಿಂಕೋನಾ ಗಿಡ ಬೆಳೆಸಲು ಮಾಡಿದ ತೋಟ ಅನ್ನುವುದನ್ನೂ ಕೇಳಿ ತಿಳಿದುಕೋ. ಗುಡ್ಡದ ಇಳಿಜಾರಿನಲ್ಲಿದೆ, ಅಪ್ಪನಿಗೆ ಕೆಳಗಿನ ಸುತ್ತು ಸಾಕು. ತಿಂಡಿ ಚೀಲ ಗಾಡಿಯಲ್ಲೇ ಇರಲಿ, ಕೋತಿಗಳಿವೆ.

ಒಂದು ಗಂಟೆಗೆ ಊಟಕ್ಕೆ ಊರಿಗೆ ವಾಪಸ್. ನೀವು ಸಸ್ಯಾಹಾರಿಗಳು, ಒಂದು ಎಚ್ಚರ: ಅಲ್ಲಿ ಕಾಯಿತುರಿಯ ಪೊಲ್ ಸಂಬೋಲದಲ್ಲೂ ಕೆಲವು ತರಕಾರಿ ಪಲ್ಯಗಳಲ್ಲೂ ಒಣಮೀನಿನ ಪುಡಿ ಹಾಕುತ್ತಾರೆ, ಉಂಬಲಕಡ ಅಂತ. ಮೀನು ಬೇಡ ಅಂದರೆ ತುಂಡು ಹಾಕುವುದಿಲ್ಲ, ಪುಡಿ ಇದ್ದೇ ಇರುತ್ತದೆ. "ಉಂಬಲಕಡ ಎಪಾ" ಅಂತ ಹೆಸರು ಹಿಡಿದು ಹೇಳು, ಇಲ್ಲವೇ ಶೈವ ಹೋಟೆಲ್ ಅಂತ ಬೋರ್ಡಿರುವ ತಮಿಳರ ಊಟದ ಮನೆಗೆ ಕರೆದುಕೊಂಡು ಹೋಗಲು ಹೇಳು. ಗೈಡಿಗೂ ಅರ್ಧ ಗಂಟೆ ಕೂತು ಉಣ್ಣಲು ಬಿಡು, ಇಳಿಯುವಾಗ ಬೇಕಾಗುವುದು ಅವನ ಕಣ್ಣು. ಉಳಿದ ಹೊತ್ತಿಗೆ ಕೆಂಪು ಇಟ್ಟಿಗೆಯ ಪೋಸ್ಟಾಫೀಸು, 1873ರಲ್ಲಿ ಕಟ್ಟಿದ ಗ್ರೆಗರಿ ಕೆರೆ. ಇಷ್ಟು ಸಾಕು.

ಬಟ್ಟೆ: ಊರು 1868 ಮೀಟರ್ ಎತ್ತರದಲ್ಲಿದೆ, ಕ್ಯಾಂಡಿ 500ರ ಹತ್ತಿರ. ಎಂಟು ಡಿಗ್ರಿ ತಂಪು ಅಂತ ಲೆಕ್ಕ ಹಾಕು. ಎಲ್ಲರಿಗೂ ಒಂದೊಂದು ಸ್ವೆಟರ್, ಮೇಲೆ ಮಳೆಯಂಗಿ. ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಮಗುವಿಗೆ ಇನ್ನೊಂದು ಜೊತೆ ಕಾಲುಚೀಲ. ಚಳಿಯಿದೆ ಅಂತ ಸನ್‌ಸ್ಕ್ರೀನ್ ಬಿಡಬೇಡ, ಭೂಮಧ್ಯರೇಖೆಯ ಹತ್ತಿರದ ಬಿಸಿಲು ತಂಪಿನಲ್ಲೂ ಮೂಗು ಸುಡುತ್ತದೆ. ಚಿಪ್ಸ್ ಪೊಟ್ಟಣ ಮೇಲೆ ಹೋದಂತೆ ಬಲೂನಿನ ಹಾಗೆ ಊದಿಕೊಂಡಿರುತ್ತದೆ, ಮಗುವಿಗೆ ತೋರಿಸು, ಕಿವಿ ಮುಚ್ಚಿಕೊಂಡಿದ್ದೂ ಮೇಲೆ ಗಾಳಿಯ ಒತ್ತಡ ಕಡಿಮೆಯಾದ್ದರಿಂದಲೇ ಅಂತ.

ಮೂರು ಗಂಟೆಗೆ ಇಳಿಯಲು ಶುರು. ಇದರಲ್ಲಿ ರಾಜಿ ಬೇಡ. ಅಲ್ಲಿ ವರ್ಷವಿಡೀ ಆರು-ಆರೂವರೆ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಮುಸ್ಸಂಜೆ ಬಹಳ ಹೊತ್ತು ಇರುವುದಿಲ್ಲ, ಪರದೆ ಎಳೆದ ಹಾಗೆ ಕತ್ತಲು. ಮಂಜು, ಕತ್ತಲು, ಎದುರಿನಿಂದ ನುಗ್ಗುವ ಬಸ್ಸು ಮೂರೂ ಒಟ್ಟಿಗೆ ಬೇಡ. ಇಳಿಯುವಾಗ ಡ್ರೈವರ್ ಗೇರ್ ಇಳಿಸಿ ಇಂಜಿನ್ ಹಿಡಿತದಲ್ಲಿ ಬಿಡುತ್ತಿದ್ದಾನೋ, ಬ್ರೇಕಿನ ಮೇಲೇ ಕಾಲಿಟ್ಟಿದ್ದಾನೋ ಕಿವಿಗೊಟ್ಟು ಕೇಳು. ಗೇರಿನಲ್ಲಿದ್ದರೆ ಇಂಜಿನ್ ಗುಂಯ್ ಅನ್ನುತ್ತಿರುತ್ತದೆ. ರಬ್ಬರ್ ಸುಟ್ಟಂಥ ವಾಸನೆ ಬಂದರೆ ಬ್ರೇಕ್ ಕಾದಿದೆ ಅಂತ ಅರ್ಥ, ಕಾದ ಬ್ರೇಕ್ ಒತ್ತಿದರೂ ಹಿಡಿಯುವುದಿಲ್ಲ. ಅಗಲ ಜಾಗ ನೋಡಿ ನಿಲ್ಲಿಸಿ, ಇಪ್ಪತ್ತು ನಿಮಿಷ ಇಳಿದು ಕಾಲಾಡಿಸಿ. ಗಾಲಿಗೆ ನೀರು ಎರಚಲು ಬಿಡಬೇಡ, ಕಾದ ಲೋಹ ಸೀಳುತ್ತದೆ. ಆಂಬುಲೆನ್ಸಿಗೆ 1990, ಪೊಲೀಸಿಗೆ 119, ಇವೆರಡನ್ನು ಫೋನಿನಲ್ಲಿ ಹಾಕಿಟ್ಟುಕೋ.

ಚಹಾ ತರುವುದಾದರೆ ಪೊಟ್ಟಣದ ಮೇಲೆ ಅಪ್ಪಟ ಸಿಲೋನ್ ಚಹಾದ ಗುರುತಾದ ಸಿಂಹದ ಮುದ್ರೆ ಇದೆಯೇ ನೋಡು. ನುವರ ಎಲಿಯದ ಚಹಾ ತಿಳಿ, ಘಮ ಸೂಕ್ಷ್ಮ. ಆಗಷ್ಟೇ ಕುದ್ದ ನೀರಿಗೆ ಬಟ್ಟಲಿಗೊಂದು ಚಮಚ, ಮೂರು ನಿಮಿಷ, ಹಾಲಿಲ್ಲದೆ. ನಿಮ್ಮ ದೊಡ್ಡಮ್ಮನ ಹಾಗೆ ಹಾಲು, ಶುಂಠಿ ಹಾಕಿ ಕುದಿಸಿದರೆ ಆ ಘಮವೆಲ್ಲ ಹೊಗೆಗಂಡಿಯಲ್ಲಿ. ಹಾಗಾಗಿ ನನಗೆ ಇದರ ಬಿಒಪಿ, ಅಂದರೆ ಒಡೆದ ಎಲೆಯ ದರ್ಜೆ, ಕಾಲು ಕಿಲೋ ಸಾಕು, ಅವಳಿಗೆ ಕ್ಯಾಂಡಿಯ ಪೇಟೆಯಲ್ಲಿ ರುಹುಣ ಸೀಮೆಯ ಕಡು ಡಸ್ಟ್ ಒಂದು ಕಿಲೋ ತಾ.

ಇತಿ ನಿನ್ನ,
ದೊಡ್ಡಪ್ಪ