ಇಬ್ಬರ ಚೆಸ್ ಆಟಕ್ಕೆ ಮಧ್ಯೆ ಕಂಪನಿ ಯಾಕೆ?

ಸಂಪಾದಕರೇ, ನಮಸ್ಕಾರ.

ದೂರದಲ್ಲಿರೋ ಗೆಳೆಯರ ಜೊತೆ ಚೆಸ್ ಆಡೋದು ಹೇಗೆ ಅಂತ ಮೊನ್ನೆ ನಿಮ್ಮ ಟೆಕ್ ಪುಟದಲ್ಲಿ ಬಂದಿದ್ದನ್ನ ಓದ್ದೆ. ಒಂದಷ್ಟು ಆ್ಯಪ್ ಹೆಸರು, ಒಂದೊಂದಕ್ಕೆ ನಾಲ್ಕು ಸಾಲು, ಇದ್ರಲ್ಲಿ ಪಜಲ್ ಚೆನ್ನಾಗಿದೆ, ಅದ್ರಲ್ಲಿ ಜಾಹೀರಾತು ಕಮ್ಮಿ, ಅಲ್ಲಿಗೆ ಮುಗೀತು. ತಪ್ಪೇನಿಲ್ಲ ಬಿಡಿ, ಆದ್ರೆ ಹೆಡ್ಡಿಂಗ್‌ನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ ಅದ್ರಲ್ಲಿ ಇರ್ಲಿಲ್ಲ. ಎರಡು ಕಂಪ್ಯೂಟರ್ ಇದೆ, ಎರಡಕ್ಕೂ ಇಂಟರ್ನೆಟ್ ಇದೆ, ಆ ಎರಡನ್ನೇ ನೇರವಾಗಿ ಜೋಡಿಸಿ ಒಂದೇ ಬೋರ್ಡನ್ನ ಇಬ್ರೂ ಹಂಚ್ಕೊಂಡು ಆಡೋಕೆ ಆಗಲ್ವಾ, ಮಧ್ಯೆ ಯಾವ್ದೋ ಕಂಪನಿ ಸರ್ವರ್, ಅಕೌಂಟು, ಪಾಸ್‌ವರ್ಡು, ಆಮೇಲೆ ದಿನಾ ಬರೋ ನೋಟಿಫಿಕೇಶನ್ನು ಇವೆಲ್ಲ ಇರ್ಲೇಬೇಕಾ? ಬೇಕಾಗಿಲ್ಲ. ಹಾಗಿದ್ರೂ ಜನ ಯಾಕೆ ಅದೇ ದಾರಿಗೆ ಹೋಗ್ತಾರೆ ಅನ್ನೋಕೆ ಒಂದು ಕಾರಣ ಇದೆ, ಅದು ಚೆಸ್‌ಗೆ ಸಂಬಂಧಪಟ್ಟಿದ್ದೇ ಅಲ್ಲ, ಅದನ್ನ ಯಾರೂ ಬರೀತಿಲ್ಲ ಅಂತ ಈ ಪತ್ರ. ಸ್ವಲ್ಪ ಉದ್ದ ಆಗತ್ತೆ, ಸಹಿಸ್ಕೊಳ್ಳಿ.

ಬೋರ್ಡ್ ಹಂಚ್ಕೊಳ್ಳೋದು ಅಂದ ತಕ್ಷಣ ಎಷ್ಟೋ ಜನ ಸ್ಕ್ರೀನ್ ಶೇರ್ ಮಾಡೋಕೆ ಹೋಗ್ತಾರೆ. ಇನ್ನೂ ಕೆಲವರು ರಿಮೋಟ್ ಡೆಸ್ಕ್‌ಟಾಪ್ ಹಾಕಿ ಮೌಸನ್ನೇ ಎದುರಿನವರ ಕೈಗೆ ಕೊಟ್ಬಿಡ್ತಾರೆ, ಅವ್ರು ಕುದುರೆ ಎತ್ತಿ ಇಡ್ಲಿ ಅಂತ. ದಯವಿಟ್ಟು ಹಾಗೆ ಮಾಡ್ಬೇಡಿ, ಕುದುರೆ ಎತ್ತೋ ಮೌಸು ನಿಮ್ಮ ಫೋಟೋ ಫೋಲ್ಡರ್ ಕೂಡ ತೆಗೆಯತ್ತೆ, ಬ್ರೌಸರ್‌ನಲ್ಲಿ ಸೇವ್ ಆಗಿರೋ ಬ್ಯಾಂಕ್ ಲಾಗಿನ್ ಕೂಡ. ಚೆಸ್‌ಗೆ ಚಿತ್ರ ಕಳಿಸೋ ಅಗತ್ಯನೇ ಇಲ್ಲ. ಬೋರ್ಡ್ ಎರಡು ಕಡೆನೂ ಬೇರೆ ಬೇರೆಯಾಗಿ ಇರತ್ತೆ, ಕಾಯಿಗಳು ಎರಡು ಕಡೆನೂ ಒಂದೇ ಥರ ಶುರುವಾಗತ್ತೆ, ಓಡಾಡ್ಬೇಕಾಗಿರೋದು ನಡೆ ಮಾತ್ರ. 64 ಮನೆಗಳಲ್ಲಿ ಯಾವ ಮನೆಯಿಂದ ಅನ್ನೋಕೆ 6 ಬಿಟ್ (ಬಿಟ್ ಅಂದ್ರೆ 0 ಅಥವಾ 1, ಎಂಟು ಸೇರಿದ್ರೆ ಒಂದು ಬೈಟ್), ಯಾವ ಮನೆಗೆ ಅನ್ನೋಕೆ 6 ಬಿಟ್, ಪಾನ್ ಕೊನೆ ಸಾಲು ಮುಟ್ಟಿದ್ರೆ ರಾಣಿನಾ ಆನೆನಾ ಒಂಟೆನಾ ಕುದುರೆನಾ ಅನ್ನೋಕೆ 2 ಬಿಟ್, ಒಟ್ಟು 14. ಎರಡು ಬೈಟ್ ಒಳಗೆ ಒಂದು ನಡೆ ಮುಗೀತು, ಇನ್ನೂ ಎರಡು ಬಿಟ್ ಉಳಿಯತ್ತೆ. ಓದೋಕೆ ಬರೋ ಹಾಗೆ ಇಂಗ್ಲಿಷ್‌ನಲ್ಲಿ e2e4 (ಇ2 ಮನೆಯಿಂದ ಇ4 ಮನೆಗೆ) ಅಂತ ಬರೆದು ಕಳಿಸಿದ್ರೂ ನಾಲ್ಕೇ ಬೈಟು. ಆದ್ರೆ ಅದನ್ನ ಹೊತ್ಕೊಂಡು ಹೋಗೋ ಪ್ಯಾಕೆಟ್‌ಗೆ ಯಾರಿಂದ ಯಾರಿಗೆ ಅಂತ ಹೇಳೋ ಐಪಿ ಹೆಡರ್ ಕನಿಷ್ಠ 20 ಬೈಟು, ಕ್ರಮ ತಪ್ಪದೆ ತಲುಪೋ ಹಾಗೆ ನೋಡ್ಕೊಳ್ಳೋ ಟಿಸಿಪಿ ಹೆಡರ್ ಇನ್ನೊಂದು 20, ಅಂದ್ರೆ ಒಳಗಿನ ಕಾಗದಕ್ಕಿಂತ ಹೊರಗಿನ ಲಕೋಟೆನೇ ಹತ್ತು ಪಟ್ಟು ಭಾರ. ಇಡೀ ಆಟ ಒಂದು ವಾಟ್ಸಾಪ್ ಸ್ಟಿಕರ್‌ಗಿಂತ ಚಿಕ್ಕದು. ಸ್ಪೀಡ್ ಇಲ್ಲ, ಪ್ಲಾನ್ ಅಪ್‌ಗ್ರೇಡ್ ಮಾಡಿ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ.

ಇದು ಹೊಸ ಐಡಿಯಾನೂ ಅಲ್ಲ. 1844ರಲ್ಲೇ ವಾಷಿಂಗ್ಟನ್‌ನವರು ಬಾಲ್ಟಿಮೋರ್‌ನವರು ಟೆಲಿಗ್ರಾಫ್ ತಂತಿ ಮೇಲೆ ಆಡಿದ್ರು, ಆ ತಂತಿ ಎಳೆದು ಇನ್ನೂ ಒಂದು ವರ್ಷ ಆಗಿರ್ಲಿಲ್ಲ. 1945ರಲ್ಲಿ ಅಮೆರಿಕ ಮತ್ತೆ ಸೋವಿಯತ್ ಯೂನಿಯನ್ ರೇಡಿಯೋ ಮೇಲೆ 10 ಬೋರ್ಡ್‌ನಲ್ಲಿ ಆಡಿ ಸೋವಿಯತ್‌ನವರು 15½–4½ರಲ್ಲಿ ಗೆದ್ರು. 1965ರಲ್ಲಿ ಬಾಬಿ ಫಿಶರ್‌ಗೆ ಕ್ಯೂಬಾಗೆ ಹೋಗೋಕೆ ಅಮೆರಿಕ ಸರ್ಕಾರ ಬಿಡ್ಲಿಲ್ಲ ಅಂತ ಆತ ನ್ಯೂಯಾರ್ಕ್‌ನಲ್ಲೇ ಕೂತು ಟೆಲಿಟೈಪ್ (ಟೈಪ್ ಮಾಡಿದ್ದನ್ನ ತಂತಿ ಮೇಲೆ ಕಳಿಸೋ ಯಂತ್ರ) ಮೂಲಕ ಹವಾನಾ ಟೂರ್ನಮೆಂಟ್ ಪೂರ್ತಿ ಆಡಿದ. ಎಲ್ಲ ಕಡೆನೂ ಎರಡು ಬೋರ್ಡು, ಮಧ್ಯೆ ಒಂದು ತಂತಿ ಅಥವಾ ರೇಡಿಯೋ, ಅದ್ರಲ್ಲಿ ನಡೆ ಮಾತ್ರ. ಇಂಟರ್ನೆಟ್ ಬಂದ್ಮೇಲೆ 1992ರಲ್ಲಿ ಇಂಟರ್ನೆಟ್ ಚೆಸ್ ಸರ್ವರ್ ಅಂತ ಶುರುವಾಯ್ತು, ಟೆಲ್‌ನೆಟ್ ಅನ್ನೋ ಅಕ್ಷರ ಮಾತ್ರದ ಪ್ರೋಗ್ರಾಮ್‌ನಲ್ಲಿ ಹೋಗಿ ಟೈಪ್ ಮಾಡಿ ಆಡೋದು, ಬೋರ್ಡ್ ಬರ್ತಿದ್ದಿದ್ದು ಅಕ್ಷರದಲ್ಲೇ. 1995ರಲ್ಲಿ ಅದಕ್ಕೆ ದುಡ್ಡು ಕೇಳೋಕೆ ಶುರು ಮಾಡಿದಾಗ ಇಷ್ಟ ಆಗದವ್ರು ಬೇರೆಯಾಗಿ ಫ್ರೀ ಇಂಟರ್ನೆಟ್ ಚೆಸ್ ಸರ್ವರ್ ಮಾಡ್ಕೊಂಡ್ರು. ನಂಗೆ ಆ ಜಗಳದಲ್ಲಿ ಎರಡನೇ ಗುಂಪಿನವ್ರೇ ಸರಿ ಅನ್ಸತ್ತೆ, ಇರ್ಲಿ.

ಈಗ ಅಸಲು ವಿಷಯಕ್ಕೆ ಬರ್ತೀನಿ. ನಾನೂ ನನ್ನ ಅಕ್ಕನ ಮಗನೂ ಹೀಗೆ ನೇರವಾಗಿ ಆಡೋದು. ಒಂದು ಕಂಪ್ಯೂಟರ್ ಒಂದು ಪೋರ್ಟ್‌ನಲ್ಲಿ (ನಂಬರ್ ಇರೋ ಬಾಗಿಲು ಅನ್ಕೊಳ್ಳಿ) ಕಾಯ್ತಾ ಕೂರ್ಬೇಕು, ಇನ್ನೊಂದು ಅದ್ರ ಅಡ್ರೆಸ್ಸಿಗೆ ಬಂದು ಬಾಗಿಲು ತಟ್ಬೇಕು, ಅಷ್ಟೇ ಕನೆಕ್ಷನ್ ಅಂದ್ರೆ. ಆದ್ರೆ ತಟ್ಟೋಕೆ ಅಡ್ರೆಸ್ ಎಲ್ಲಿದೆ? ನಿಮ್ಮ ಕಂಪ್ಯೂಟರ್‌ನಲ್ಲಿ ಕಾಣೋ 192.168 ಅಂತ ಶುರುವಾಗೋ ನಂಬರ್ ನಿಮ್ಮ ಮನೆ ಒಳಗೆ ಮಾತ್ರ ನಡೆಯೋದು, ಅದೇ ನಂಬರ್ ಪ್ರಪಂಚದಲ್ಲಿ ಕೋಟ್ಯಂತರ ಮನೆಲಿ ಇರತ್ತೆ. ಹೊರಗಿನ ನಂಬರ್ ಇರೋದು ರೂಟರ್‌ಗೆ. ಹೊರಗಿಂದ ಯಾರೋ ತಟ್ಟಿದ್ರೆ ಒಳಗಿರೋ ನಾಲ್ಕಾರು ಫೋನು, ಟಿವಿ, ಲ್ಯಾಪ್‌ಟಾಪ್‌ನಲ್ಲಿ ಯಾರಿಗೆ ಕೊಡ್ಬೇಕು ಅಂತ ರೂಟರ್‌ಗೆ ಗೊತ್ತಿಲ್ಲ, ಎಸೆದುಬಿಡತ್ತೆ. ಅದಕ್ಕೇ ಪೋರ್ಟ್ ಫಾರ್ವರ್ಡಿಂಗ್ ಅಂತ ಇರೋದು, ರೂಟರ್ ಸೆಟ್ಟಿಂಗ್ಸ್‌ಗೆ ಹೋಗಿ ಈ ಪೋರ್ಟ್‌ಗೆ ಬಂದಿದ್ದನ್ನ ಈ ಲ್ಯಾಪ್‌ಟಾಪ್‌ಗೆ ಕೊಡು ಅಂತ ಒಂದು ಸಾಲು ಬರೆದ್ರೆ ಕೆಲಸ ಆಗತ್ತೆ.

ಆಗ್ತಿತ್ತು ಅನ್ಬೇಕು. ಇಂಟರ್ನೆಟ್‌ನ ಹಳೇ ಅಡ್ರೆಸ್ ಪದ್ಧತಿ ಐಪಿವಿ4, ಅದ್ರ ಅಡ್ರೆಸ್ 32 ಬಿಟ್, ಒಟ್ಟು ಸುಮಾರು 430 ಕೋಟಿ, ಕೇಂದ್ರ ಭಂಡಾರದಲ್ಲಿದ್ದ ಕೊನೆಯ ಬ್ಲಾಕ್‌ಗಳು 2011ರ ಫೆಬ್ರವರಿಯಲ್ಲೇ ಹಂಚಿ ಮುಗಿದಿವೆ. ಹಾಗಾಗಿ ಈಗ ಎಷ್ಟೋ ಇಂಟರ್ನೆಟ್ ಕಂಪನಿಗಳು ಒಂದೇ ಹೊರಗಿನ ಅಡ್ರೆಸ್ಸನ್ನ ಬಹಳ ಮನೆಗಳಿಗೆ ಹಂಚ್ತಾವೆ, ಇದಕ್ಕೆ ಸಿಜಿನ್ಯಾಟ್ ಅಂತಾರೆ. ಆಗ ನಿಮ್ಮ ರೂಟರ್‌ಗೂ ಸ್ವಂತ ಅಡ್ರೆಸ್ ಇಲ್ಲ, ನೀವು ಪೋರ್ಟ್ ಫಾರ್ವರ್ಡ್ ಎಷ್ಟು ಮಾಡಿದ್ರೂ ಆ ಬಾಗಿಲು ತೆರೆಯೋದು ಕಂಪನಿಯ ಇನ್ನೊಂದು ಗೋಡೆ ಒಳಗೆ. ಕಂಡುಹಿಡಿಯೋದು ಸುಲಭ. ರೂಟರ್ ಪೇಜ್‌ನಲ್ಲಿ ವ್ಯಾನ್ ಐಪಿ (ರೂಟರ್‌ನ ಹೊರಗಿನ ಕಡೆಯ ನಂಬರ್) ಅಂತ ಇರೋದನ್ನ ನೋಡಿ, ಆಮೇಲೆ ನನ್ನ ಐಪಿ ಏನು ಅಂತ ಹೇಳೋ ಯಾವ್ದಾದ್ರೂ ಸೈಟ್‌ನಲ್ಲಿ ನೋಡಿ, ಎರಡೂ ಬೇರೆ ಬಂದ್ರೆ ಸಿಜಿನ್ಯಾಟ್ ಅನ್ಕೊಳ್ಳಿ. ವ್ಯಾನ್ ಐಪಿ 100.64ರಿಂದ 100.127ರ ಒಳಗೆ ಶುರುವಾಗ್ತಿದ್ರೆ ಅನುಮಾನನೇ ಬೇಡ, ಆ ಸಾಲನ್ನ ಇದಕ್ಕೆ ಅಂತಲೇ ಎತ್ತಿಟ್ಟಿದಾರೆ. ನಾನು ನಮ್ಮ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಪಬ್ಲಿಕ್ ಐಪಿ ಕೊಡಿ ಅಂದ್ರೆ ಆ ಹುಡುಗ ಸರ್ ಸಿಸಿಟಿವಿ ಹಾಕ್ಸಿದೀರಾ ಅಂದ, ಇಲ್ಲ ಚೆಸ್ ಆಡೋಕೆ ಅಂದೆ, ಲೈನ್ ಮೇಲೆ ಸ್ವಲ್ಪ ಹೊತ್ತು ಸದ್ದೇ ಇಲ್ಲ, ಆಮೇಲೆ ಸರ್ ಮೋಡೆಮ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ ಅಂದ.

ಇದಕ್ಕೆ ಇರೋ ಸರಿಯಾದ ಪರಿಹಾರ ಐಪಿವಿ6 ಅನ್ನೋ ಹೊಸ ಅಡ್ರೆಸ್ ಪದ್ಧತಿ. ಅದು 128 ಬಿಟ್, ಮನೆಯಲ್ಲಿರೋ ಪ್ರತಿ ಸಾಧನಕ್ಕೂ ಸ್ವಂತ ಅಡ್ರೆಸ್ ಕೊಟ್ರೂ ಮುಗಿಯಲ್ಲ. ಎರಡು ಕಡೆನೂ ಅದು ಇದ್ರೆ ಹಂಚಿಕೆ ರಗಳೆನೇ ಇಲ್ಲ, ರೂಟರ್ ಫೈರ್‌ವಾಲ್‌ನಲ್ಲಿ ಒಳಗೆ ಬರೋಕೆ ಒಂದು ಅನುಮತಿ ಕೊಟ್ರೆ ಸಾಕು, ಆಟ ಮುಗಿದ್ಮೇಲೆ ಅದನ್ನ ಮುಚ್ಚೋದನ್ನ ಮರೀಬಾರ್ದು ಅಷ್ಟೇ. ಅದು ಇಲ್ದಿದ್ರೆ ಇಬ್ರೂ ಒಂದೇ ವಿಪಿಎನ್‌ಗೆ (ದೂರದ ಕಂಪ್ಯೂಟರ್‌ಗಳು ಒಂದೇ ಮನೆಲಿ ಇದ್ದ ಹಾಗೆ ಮಾಡೋ ಖಾಸಗಿ ನೆಟ್‌ವರ್ಕ್) ಸೇರ್ಕೊಂಡು ಆಡ್ಬಹುದು, ಅಥವಾ ಇಬ್ರೂ ಒಂದೇ ಹೊತ್ತಿಗೆ ಒಳಗಿಂದ ಹೊರಗೆ ಪ್ಯಾಕೆಟ್ ಕಳಿಸಿ ಎರಡೂ ರೂಟರ್‌ನಲ್ಲಿ ದಾರಿ ತೆಗೆಸೋ ಹೋಲ್ ಪಂಚಿಂಗ್ ಅನ್ನೋ ಉಪಾಯ ಇದೆ, ಎಷ್ಟೋ ವಿಡಿಯೋ ಕಾಲ್ ಆ್ಯಪ್‌ಗಳೂ ಅದನ್ನ ಮಾಡ್ತಾವೆ. ಅದಕ್ಕೂ ಇವ್ರ ಅಡ್ರೆಸ್ ಅವ್ರಿಗೆ ಹೇಳೋಕೆ ಮೂರನೆಯವ್ರು ಒಂದು ಕ್ಷಣ ಬೇಕು, ಆದ್ರೆ ಪರಿಚಯ ಮಾಡ್ಸಿ ಅವ್ರು ಹೋಗ್ಬಿಡ್ಬಹುದು, ಆಟ ಪೂರ್ತಿ ಪಕ್ಕದಲ್ಲಿ ಕೂರ್ಬೇಕಾಗಿಲ್ಲ.

ಕನೆಕ್ಷನ್ ಸಿಕ್ಮೇಲೆ ಚೆಸ್‌ಗೇ ಅಂತ ಒಂದು ವಿಚಿತ್ರ ತೊಂದ್ರೆ ಬರತ್ತೆ, ನಂಗೆ ಇಷ್ಟ ಆದ ಭಾಗ ಇದೇ. ಬೇರೆ ಗೇಮ್‌ಗಳಲ್ಲಿ ಪ್ಯಾಕೆಟ್ ಹೋಗ್ತಾ ಬರ್ತಾ ಇರತ್ತೆ. ಚೆಸ್‌ನಲ್ಲಿ ಒಬ್ರು ಇಪ್ಪತ್ತು ನಿಮಿಷ ತಲೆ ಮೇಲೆ ಕೈ ಇಟ್ಕೊಂಡು ಯೋಚ್ನೆ ಮಾಡ್ತಾರೆ, ಅಷ್ಟೂ ಹೊತ್ತು ತಂತಿ ಮೇಲೆ ಏನೂ ಇಲ್ಲ. ಮಧ್ಯೆ ಇರೋ ಕೆಲವು ರೂಟರ್‌ಗಳು ಇದು ಸತ್ತ ಕನೆಕ್ಷನ್ ಅಂತ ತಮ್ಮ ಪಟ್ಟಿಯಿಂದ ಹೊಡೆದು ಹಾಕ್ತಾವೆ, ಎರಡೂ ಕಂಪ್ಯೂಟರ್‌ಗೂ ಅದು ಗೊತ್ತಾಗಲ್ಲ, ಇವ್ರು ಅದ್ಭುತವಾದ ನಡೆ ಹುಡುಕಿ ಆನೆ ಇಟ್ರೆ ಅದು ಎಲ್ಲಿಗೂ ಹೋಗಲ್ಲ, ಅವ್ರು ಇನ್ನೂ ಯೋಚ್ನೆ ಮಾಡ್ತಿದಾರೆ ಅನ್ಕೊಂಡು ಆ ಕಡೆಯವ್ರು ಕಾಯ್ತಾ ಕೂರ್ತಾರೆ. ಟಿಸಿಪಿಲೇ ಕೀಪ್‌ಅಲೈವ್ ಅಂತ ಇದೆ, ಆ ಕಡೆಯವ್ರು ಇನ್ನೂ ಇದಾರಾ ಅಂತ ವಿಚಾರಿಸೋಕೆ, ಆದ್ರೆ ಲಿನಕ್ಸ್‌ನಲ್ಲಿ ಅದನ್ನ ಆನ್ ಮಾಡಿದ್ರೂ ಡಿಫಾಲ್ಟ್ ಆಗಿ 7,200 ಸೆಕೆಂಡ್ ಸುಮ್ಮನಿದ್ಮೇಲೆ ಮೊದಲ ಸಲ ವಿಚಾರಿಸ್ಕೊಳ್ಳತ್ತೆ, ಎರಡು ಗಂಟೆ! ಹಾಗಾಗಿ ಪ್ರೋಗ್ರಾಮೇ ಅರ್ಧ ನಿಮಿಷಕ್ಕೊಂದ್ಸಲ ಇದೀನಿ ಅಂತ ಒಂದು ಚಿಕ್ಕ ಮೆಸೇಜ್ ಹಾಕ್ತಿರ್ಬೇಕು. ನನ್ನ ಅಕ್ಕನ ಮಗ ನಮ್ಮ ಪ್ರೋಗ್ರಾಮ್‌ಗೆ ಅದನ್ನ ಸೇರಿಸಿದ ಮೇಲೆ ಆಟ ಮಧ್ಯೆ ಕಟ್ ಆಗೋದು ನಿಂತೋಯ್ತು.

ಆಮೇಲೆ ಕಟ್ ಆದ್ರೆ ಮತ್ತೆ ಸೇರ್ಕೊಳ್ಳೋದು ಹೇಗೆ ಅನ್ನೋದು. ಈಗ ಯಾವ ಕಾಯಿ ಎಲ್ಲಿದೆ ಅಂತ ಕಳಿಸಿದ್ರೆ ಸಾಕಲ್ವಾ ಅನ್ಸತ್ತೆ, ಸಾಲಲ್ಲ. ರಾಜ ಒಂದ್ಸಲ ಹೆಜ್ಜೆ ಇಟ್ಟು ವಾಪಸ್ ಅದೇ ಮನೆಗೆ ಬಂದಿದ್ರೆ ಬೋರ್ಡ್ ನೋಡಿ ಗೊತ್ತಾಗಲ್ಲ, ಆದ್ರೆ ಕ್ಯಾಸ್ಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸೋದು) ಹಕ್ಕು ಹೋಗಿರತ್ತೆ. ಆನ್ ಪಾಸಾಂ (ಎರಡು ಮನೆ ಮುಂದೆ ಬಂದ ಪಾನನ್ನ ಎದುರಾಳಿ ಪಾನ್ ಮರುನಡೆಯಲ್ಲೇ ಹೊಡೆಯೋದು) ಈಗಷ್ಟೇ ಸಿಕ್ಕಿರೋ ಅವಕಾಶನಾ ಅಂತ ಗೊತ್ತಾಗಲ್ಲ. ಅದಕ್ಕೇ ಫೆನ್ ಅನ್ನೋ ಬರವಣಿಗೆಯಲ್ಲಿ ಕಾಯಿಗಳ ಜಾಗ ಅಲ್ಲದೆ ಇನ್ನೂ ಐದು ವಿಷಯ ಬರೀತಾರೆ, ಅಷ್ಟಿದ್ರೂ ಒಂದೇ ಸ್ಥಿತಿ ಮೂರು ಸಲ ಬಂತು ಅಂತ ಡ್ರಾ ಕೇಳೋಕೆ ಅದು ಸಾಲಲ್ಲ, ಮೊದಲಿಂದ ಆಡಿದ ನಡೆಗಳ ಪಟ್ಟಿನೇ ಬೇಕು. ಪಟ್ಟಿ ಚಿಕ್ಕದೇ ಇರತ್ತೆ, ಪ್ರತಿ ಸಲ ಸೇರ್ಕೊಂಡಾಗ ಪೂರ್ತಿ ಕಳಿಸಿ, ತಲೆನೋವು ತಪ್ಪತ್ತೆ. ಡ್ರಾ ಕೇಳೋದೂ ಹಾಗೇ, ನಾನು ಡ್ರಾ ಅಂತ ಒತ್ತಿದ್ದು ಹೋಗ್ತಾ ಇರೋವಾಗ್ಲೇ ಅವ್ನ ನಡೆ ಈ ಕಡೆಗೆ ಬರ್ತಾ ಇರತ್ತೆ, ದಾರಿಲಿ ಎರಡೂ ಅಡ್ಡ ಹಾಯ್ತಾವೆ, ಹಾಗಾಗಿ ಪ್ರತಿ ಮೆಸೇಜ್ ಮೇಲೂ ಎಷ್ಟನೇ ನಡೆಯ ಮಾತು ಇದು ಅಂತ ನಂಬರ್ ಇರ್ಬೇಕು.

ಬಿಳಿ ಕಾಯಿ ಯಾರಿಗೆ ಅನ್ನೋದಕ್ಕೂ ಮಧ್ಯಸ್ಥರು ಬೇಡ. ಟೆಲಿಫೋನ್ ಮೇಲೆ ಮೋಸ ಇಲ್ದೆ ನಾಣ್ಯ ಚಿಮ್ಮೋದು ಹೇಗೆ ಅಂತ ಕಂಪ್ಯೂಟರ್ ವಿಜ್ಞಾನಿ ಮ್ಯಾನ್ಯುಯೆಲ್ ಬ್ಲಮ್ 1981ರಲ್ಲೇ ತೋರಿಸಿದಾರೆ. ಈಗ ಸುಲಭವಾಗಿ ಮಾಡ್ಬೇಕಂದ್ರೆ ಇಬ್ರೂ ಒಂದೊಂದು ಉದ್ದದ ನಂಬರ್ ಮನಸಲ್ಲಿಟ್ಕೊಂಡು ಮೊದಲು ಅದ್ರ ಹ್ಯಾಶ್ (ಆ ನಂಬರ್‌ನಿಂದ ಲೆಕ್ಕ ಹಾಕಿದ ಗುರುತು, ಅದ್ರಿಂದ ನಂಬರ್ ಊಹಿಸೋಕಾಗಲ್ಲ, ಆಮೇಲೆ ನಂಬರ್ ಬದಲಿಸಿದ್ರೆ ಸಿಕ್ಕಿಬೀಳ್ತಾರೆ) ಮಾತ್ರ ಕಳಿಸೋದು, ಆಮೇಲೆ ನಂಬರ್ ಬಿಟ್ಟುಕೊಡೋದು, ಕೂಡಿಸಿದಾಗ ಸಮ ಸಂಖ್ಯೆ ಬಂದ್ರೆ ನಿಂಗೆ, ಬೆಸ ಬಂದ್ರೆ ನಂಗೆ.

ಎಲ್ಲ ನೇರನೇ ಆಗ್ಲಿ ಅಂತ ನಾನು ಹಟ ಹಿಡೀತಿಲ್ಲ. ಒಬ್ಬೊಬ್ಬರಿಗೆ ಇಷ್ಟೇ ಸಮಯ ಅಂತ ಅಳೆಯೋ ಚೆಸ್ ಗಡಿಯಾರದ ವಿಷಯದಲ್ಲಿ ಸರ್ವರ್ ಬೇಕೇ ಬೇಕು ಅನ್ನೋ ಜಾಗ ಬರತ್ತೆ. ಗಾಜಿನ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗೋದು, 10,000 ಕಿಲೋಮೀಟರ್ ದೂರ ಇದ್ರೆ ಹೋಗಿ ಬರೋಕೇ ಸೆಕೆಂಡಿನ ಹತ್ತನೇ ಒಂದು ಭಾಗ ಹೋಯ್ತು, ಒಂದು ನಿಮಿಷದ ಬುಲೆಟ್ ಆಟದಲ್ಲಿ ಪ್ರತಿ ನಡೆಗೂ ಇಷ್ಟು ಹೋದ್ರೆ ಆಟ ಸೋತಂಗೇ. ಹಳೇ ಸರ್ವರ್‌ನವ್ರು ಟೈಮ್‌ಸೀಲ್ ಅಂತ ಮಾಡಿ ಆಟಗಾರನ ಕಂಪ್ಯೂಟರ್‌ನಲ್ಲೇ ಯೋಚ್ನೆ ಮಾಡಿದ ಸಮಯ ಅಳೆದು ಕಳಿಸೋ ವ್ಯವಸ್ಥೆ ಮಾಡಿದ್ರು. ಆದ್ರೆ ಅಳೆಯೋದು ಅವ್ನ ಮನೇಲೇ ಆದ್ರೆ ಅವ್ನು ಸುಳ್ಳೂ ಹೇಳ್ಬಹುದಲ್ಲ. ಬಹುಮಾನ ಇರೋ ಆಟಕ್ಕೆ ನಡುವೆ ಯಾರಾದ್ರೂ ಇರ್ಲೇಬೇಕು, ಒಪ್ಪಿದೆ. ಹಾಗಂತ ನಡುವೆ ಸರ್ವರ್ ಇದ್ರೆ ಎಲ್ಲ ಸರಿಹೋಗತ್ತೆ ಅಂತಲೂ ಇಲ್ಲ. 2020ರ ಆಗಸ್ಟ್‌ನಲ್ಲಿ ಫಿಡೆ (ಅಂತಾರಾಷ್ಟ್ರೀಯ ಚೆಸ್ ಸಂಸ್ಥೆ) ಆನ್‌ಲೈನ್ ಒಲಿಂಪಿಯಾಡ್ ಫೈನಲ್‌ನಲ್ಲಿ ಭಾರತ ರಷ್ಯಾ ಆಡೋವಾಗ ಮೊದಲ ಸುತ್ತು 3–3 ಆಗಿತ್ತು, ಎರಡನೇ ಸುತ್ತಲ್ಲಿ ಕನೆಕ್ಷನ್ ಹೋಗಿ ನಿಹಾಲ್ ಸರೀನ್, ದಿವ್ಯಾ ದೇಶ್‌ಮುಖ್ ಟೈಮ್ ಮೇಲೆ ಸೋತ್ರು, ಭಾರತ ಅಪೀಲ್ ಹಾಕ್ತು, ಕೊನೆಗೆ ಎರಡೂ ತಂಡಕ್ಕೆ ಚಿನ್ನ ಕೊಟ್ಟು ಮುಗಿಸಿದ್ರು. ಗಂಟೆಗಟ್ಟಲೆ ನಿಧಾನವಾಗಿ, ಬಹುಮಾನ ಇಲ್ದೆ, ಪರಿಚಯದವ್ರ ಜೊತೆ ಆಡೋ ಆಟಕ್ಕೆ ಈ ಯಾವ ಚಿಂತೆನೂ ಇಲ್ಲ, ಅಲ್ಲಿ ಕಂಪನಿಗೆ ಕೆಲಸನೇ ಇಲ್ಲ.

ನಿಮ್ಮ ಹತ್ರ ಕೇಳ್ಕೊಳ್ಳೋದು ಇಷ್ಟೇ. ಆ್ಯಪ್ ಲಿಸ್ಟ್ ಬದಲು ಆ ವ್ಯಾನ್ ಐಪಿ ನೋಡೋ ವಿಷಯಕ್ಕೆ ಒಂದು ಅರ್ಧ ಕಾಲಮ್ ಕೊಡಿ, ಚೆಸ್ ಆಡದವ್ರಿಗೂ ಉಪಯೋಗಕ್ಕೆ ಬರತ್ತೆ. ಮತ್ತೆ ಓದುಗ ಕೇಳಿದ್ರೆ ಮೋಡೆಮ್ ಆಫ್ ಮಾಡಿ ಆನ್ ಮಾಡಿ ಅಂತಾರೆ, ಪೇಪರ್‌ನವ್ರು ಕೇಳಿದ್ರೆ ಬೇರೆ ಉತ್ತರ ಬರ್ಬಹುದು, ಹಾಗಾಗಿ ಇಂಟರ್ನೆಟ್ ಕಂಪನಿಗಳಿಗೆ ನೀವೇ ಒಂದು ಮೇಲ್ ಹಾಕಿ ನೋಡಿ: ಮನೆ ಕನೆಕ್ಷನ್‌ಗೆ ಐಪಿವಿ6 ಕೊಡ್ತೀರಾ, ಹೊರಗಿಂದ ಒಳಗೆ ಬರೋ ಕನೆಕ್ಷನ್ ಬಿಡ್ತೀರಾ, ಪಬ್ಲಿಕ್ ಐಪಿ ಬೇಕು ಅಂದ್ರೆ ಯಾರನ್ನ ಕೇಳ್ಬೇಕು. ಬಂದ ಉತ್ತರ ಹಾಗೇ ಪ್ರಿಂಟ್ ಮಾಡಿ, ಬರ್ದೇ ಇದ್ರೆ ಯಾರ್ಯಾರು ಉತ್ತರ ಕೊಡ್ಲಿಲ್ಲ ಅನ್ನೋದನ್ನೂ.

ಇಂತಿ,
ನಿಮ್ಮ ಓದುಗ