ವಿದೇಶದ ಓದು ಎಂದರೆ ಎಂಜಿನಿಯರಿಂಗ್ ಮಾತ್ರವಲ್ಲ

ಸಂಪಾದಕರಿಗೆ ನಮಸ್ಕಾರ,

ವಿದೇಶದ ಓದಿನ ಬಗ್ಗೆ ಪತ್ರಿಕೆಗಳಲ್ಲಿ ಬರುವುದು ಜಾಸ್ತಿ ಎಂಜಿನಿಯರಿಂಗ್, ಮ್ಯಾನೇಜ್‌ಮೆಂಟ್ ವಿಷಯವೇ. ಇತಿಹಾಸ, ಸಾಹಿತ್ಯ ಓದುವ ನಮ್ಮ ಬಿಎ ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಐರೋಪ್ಯ ಒಕ್ಕೂಟದ ಎರಾಸ್ಮಸ್ ಮುಂಡಸ್ ಯೋಜನೆಯಲ್ಲಿ ಒಂದೇ ಎಂಎಯನ್ನು ಎರಡು ಮೂರು ದೇಶಗಳಲ್ಲಿ ಓದಬಹುದು. ಸ್ಕಾಲರ್‌ಶಿಪ್ ಸಿಕ್ಕರೆ ಶುಲ್ಕವಿಲ್ಲ, ತಿಂಗಳಿಗೆ 1,400 ಯೂರೊ ಬೇರೆ ಕೊಡುತ್ತಾರೆ.

ನಾನು ಹಾಗೆ ಓದಿದವಳು. ಕಷ್ಟವನ್ನೂ ಹೇಳಬೇಕು, ಅಲ್ವಾ? ಊರು ಒಗ್ಗಿತು ಅನ್ನುವಷ್ಟರಲ್ಲಿ ಸೆಮಿಸ್ಟರ್ ಮುಗಿಯುತ್ತದೆ, ಮತ್ತೆ ರೂಮು ಹುಡುಕಬೇಕು, ಹಳೆ ಮನೆಯ ಅಡ್ವಾನ್ಸ್ ಕೈಗೆ ಬರುವ ಮೊದಲೇ ಹೊಸ ಮನೆಗೆ ಕಟ್ಟಬೇಕು, ವಾಸದ ಪರವಾನಗಿಗೆ ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಜರ್ಮನಿಯಲ್ಲಿ ಸೆಮಿನಾರ್ ಮುಗಿದ ಮೇಲೆ ರಜೆಯಲ್ಲಿ ಉದ್ದನೆಯ ಪ್ರಬಂಧ ಬರೆದು ಕೊಡಬೇಕು, ಹಾಗಾಗಿ ಪೋಲೆಂಡಿನ ಕ್ರಾಕೋವ್‌ಗೆ ಬಂದ ಮೇಲೂ ರಾತ್ರಿಯೆಲ್ಲ ಜರ್ಮನಿಯ ಗಟಿಂಗನ್‌ನ ಪ್ರಬಂಧವೇ. ಅಂಕಗಳೂ ಹಾಗೆಯೇ. ಜರ್ಮನಿಯಲ್ಲಿ 5 ಬಂದರೆ ಫೇಲ್, ಪೋಲೆಂಡಿನಲ್ಲಿ ಅದೇ 5 ಎಲ್ಲಕ್ಕಿಂತ ಒಳ್ಳೆಯ ಅಂಕ! ಅಂಕಪಟ್ಟಿ ನೋಡಿ ಮನೆಯವರು ಗಾಬರಿಯಾಗುತ್ತಾರೆ.

ಆದರೂ ಹೋಗಿ ಅಂತಲೇ ಹೇಳುತ್ತೇನೆ. ಎರಡನೇ ಮಹಾಯುದ್ಧವನ್ನು ಜರ್ಮನ್ ತರಗತಿಯಲ್ಲಿ ಒಮ್ಮೆ, ಪೋಲಿಷ್ ತರಗತಿಯಲ್ಲಿ ಒಮ್ಮೆ ಚರ್ಚಿಸಿದಾಗ ಸಿಗುವ ತಿಳಿವಳಿಕೆ ಸುಮ್ನೆ ಪುಸ್ತಕ ಓದಿದರೆ ಸಿಗುವುದಿಲ್ಲ.

ಹೆಚ್ಚಿನ ಕೋರ್ಸುಗಳಿಗೆ ಅಕ್ಟೋಬರ್‌ನಿಂದ ಜನವರಿಯೊಳಗೆ ಅರ್ಜಿ ಹಾಕಬೇಕು. ಪದವಿಯ ಕೊನೆಯ ವರ್ಷದಲ್ಲಿರುವವರೂ ಹಾಕಬಹುದು. ದಯವಿಟ್ಟು ಇದನ್ನು ನಿಮ್ಮ ಶಿಕ್ಷಣ ಪುಟದಲ್ಲಿ ಅಕ್ಟೋಬರ್‌ಗೆ ಮೊದಲೇ ಹಾಕಿ, ತಾಲ್ಲೂಕು ಕಾಲೇಜುಗಳ ಮಕ್ಕಳಿಗೂ ತಲುಪಲಿ.

– ಓದುಗಿ, ಶಿವಮೊಗ್ಗ